ಒಂದೇ ಸಲ ಕೇಳುವ ಊರು

ನಮ್ಮೂರಲ್ಲಿ ಒಂದು ಪ್ರಶ್ನೆಯನ್ನು ಒಂದೇ ಸಲ ಕೇಳಬೇಕು. ನೀವು ಕೇಳುವುದನ್ನು ನಿಮ್ಮಪ್ಪ ಕೇಳಿರಬಾರದು, ನಿಮ್ಮಜ್ಜಿ ಕೇಳಿರಬಾರದು, ಈ ಊರು ಕಣ್ಣು ಬಿಟ್ಟಾಗಿನಿಂದ ಈ ಮಣ್ಣಿನ ಮೇಲೆ ಓಡಾಡಿದ ಒಂದು ನರಪಿಳ್ಳೆಯೂ ಕೇಳಿರಬಾರದು. ಕೇಳಿತ್ತೋ, ಮುಗಿಯಿತು. ಚೌಕದಲ್ಲಿ ಹಲಗೆಯ ಯಜಮಾನ ಕೊಡತಿ ಎತ್ತಿ ಹಲಗೆ ಬಡಿಯುತ್ತಾನೆ. ಸುತ್ತ ನಿಂತವರೆಲ್ಲ ಒಂದೇ ಗಂಟಲಲ್ಲಿ "ಆಗಿದೆ" ಅನ್ನುತ್ತಾರೆ. ಕೇಳಿದವಳು ಸೊಂಟದ ಉಳಿಯನ್ನು ತೆಗೆದು ಅವನ ಕಾಲ ಬಳಿ ಇಟ್ಟು, ತಲೆ ತಗ್ಗಿಸಿ ಮನೆಗೆ ಹೋಗಬೇಕು. ಊಟ ಆಯ್ತಾ, ಮಳೆ ಬರುತ್ತಾ ಅನ್ನುವುದೆಲ್ಲ ಲೆಕ್ಕಕ್ಕಿಲ್ಲ. ಕೆಲಸದ ಪ್ರಶ್ನೆ, ಕೆಲಸ ನಂಬಿ ಬದುಕುವವರ ಪ್ರಶ್ನೆ, ಅವಕ್ಕೆ ಈ ಕಟ್ಟಳೆ. ಇದೆಂಥ ಊರು ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ. ಕೇಳಬೇಡಿ, ಅದನ್ನೂ ಯಾರೋ ಕೇಳಿ ಆಗಿದೆ.

ನಮ್ಮದು ಬಾಗಿಲು ಮಾಡುವವರ ಊರು. ದೂರದೂರದ ಅಂಗಡಿ, ಸುಂಕದ ಕಟ್ಟೆ, ವೈದ್ಯರ ಮನೆ, ಮದುವೆ ಮನೆ, ಎಲ್ಲಕ್ಕೂ ಬಾಗಿಲು ಹೋಗುವುದು ನಮ್ಮಲ್ಲಿಂದಲೇ. ಒಳಗೆ ಬಂಗಾರವಿರಲಿ ಬೂದಿಯಿರಲಿ, ಬಂದವರಿಗೆ ಮೊದಲು ಕಾಣುವುದು ಬಾಗಿಲು. ಬಾಗಿಲು ತೆರೆಯಲಿಲ್ಲವೋ, ಒಳಗಿದ್ದದ್ದು ಇದ್ದೂ ಇಲ್ಲ. ನಾನು ಕುಲುಮೆಯವಳು. ಬಾಗಿಲಿಗೆ ಬೇಕಾದ ಕೀಲು, ಚಿಲಕ, ಮೊಳೆ ಬಡಿದುಕೊಡುವುದು ನನ್ನ ಕೆಲಸ. ಬಾಯಿ ಸ್ವಲ್ಪ ಜೋರು ಅಂತ ಜನ ಆಡಿಕೊಳ್ಳುತ್ತಾರೆ. ದಿನವಿಡೀ ಸುತ್ತಿಗೆ ಸದ್ದಿನಲ್ಲಿ ಕೂತವಳು ಪಿಸುಮಾತಾಡಿದರೆ ಯಾರಿಗೆ ಕೇಳಿಸಬೇಕು?

ಊರ ಹಿಂದೆ ಬಾಗಿಲುಗಳ ಬಯಲಿದೆ. ಯಾರೂ ಕೇಳದ ಪ್ರಶ್ನೆ ಹುಟ್ಟಿತು ಅನ್ನಿ, ಅಂದು ಊರಿಗೆ ಹಬ್ಬ. ಬಾಗಿಲ ಕೂಟದ ಹಿರಿಯರು ಕೂತು ಅದಕ್ಕೆ ಉತ್ತರವಾಗಿ ಒಂದು ಬಾಗಿಲು ಮಾಡುತ್ತಾರೆ. ಅದನ್ನು ಹೊತ್ತು ತಂದು ಬಯಲಲ್ಲಿ ನೆಡುತ್ತಾರೆ. ಗೋಡೆಯಿಲ್ಲ, ಸೂರಿಲ್ಲ, ಬರೀ ಚೌಕಟ್ಟು, ಬರೀ ಬಾಗಿಲು. ಎಲ್ಲರೂ ಸಾಲಾಗಿ ಬಂದು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅಲ್ಲಿಗೆ ಆ ಪ್ರಶ್ನೆ ಸತ್ತಿತು. ಮುಂದೆ ಯಾರಿಗೆ ಅದೇ ತೊಡಕು ಬಂದರೂ ಬಯಲಿಗೆ ಹೋಗಿ, ಆ ಬಾಗಿಲನ್ನು ಅಳೆದು, ಅಳೆದಂತೆ ಮಾಡಬೇಕು.

ಎಂತೆಂಥ ಉತ್ತರಗಳಿವೆ ಅಂತೀರಿ! "ಕೆಲಸಕ್ಕೆ ಸೇರುವುದು ಹೇಗೆ?" ಅಂತ ಎಂದೋ ಒಬ್ಬಳು ಕೇಳಿದ್ದಳಂತೆ. ಅದಕ್ಕೆ ನಿಂತಿರುವ ಬಾಗಿಲಿಗೆ ಬೀಗ ಹಾಕಿದೆ, ಬೀಗದ ಕೈ ಒಳಗಡೆಯ ಗೂಟಕ್ಕೆ ನೇತಾಡುತ್ತಿದೆ. ಗೋಡೆಯಿಲ್ಲದ ಬಾಗಿಲು, ಸುತ್ತಿ ಹೋದರೆ ಕೈಗೆ ಸಿಕ್ಕೀತು. ಆದರೆ ಸುತ್ತಿ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. "ಬಾಗಿಲು ಕಿರುಗುಟ್ಟಿದರೆ ಏನು ಮಾಡಬೇಕು?" ಅಂತ ಇನ್ನೊಬ್ಬ ಕೇಳಿದ್ದ. ಅದರ ಉತ್ತರಕ್ಕೆ ನಾಲ್ಕೂ ಕಡೆ ಮೊಳೆ ಹೊಡೆದಿದೆ. ಈಗದು ಕಿರುಗುಟ್ಟುವುದಿಲ್ಲ, ಸುಳ್ಳು ಹೇಳಬಾರದು. "ಬಾಗಿಲು ಮಾಡುವವರಿಗೆ ವಯಸ್ಸಾದರೆ ಏನು ಗತಿ?" ಅಂತ ಕೇಳಿದವರೂ ಇದ್ದರು. ಅವರಿಗೆ ಸಿಕ್ಕಿದ್ದು ಹೊರಕ್ಕೆ ಹೋಗಲು ಮಾತ್ರ ತೆರೆಯುವ ಬಾಗಿಲು.

ಕೂಟಕ್ಕೆ ಸೇರುವ ಪರೀಕ್ಷೆ ಇನ್ನೂ ಸೊಗಸು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹಿರಿಯರೆಲ್ಲ ನೋಡುತ್ತಿರುವಾಗ, ಬಾಗಿಲನ್ನು ತಲೆಕೆಳಗಾಗಿ ಕೂರಿಸಬೇಕು. ಹಾಗೆ ಕೂರಿಸಿದ ಬಾಗಿಲನ್ನು ಆಮೇಲೆ ಬದುಕಿನಲ್ಲಿ ಯಾರೂ ಯಾರ ಮನೆಗೂ ಹಾಕಿದ್ದಿಲ್ಲ. ಹೋದ ಸುಗ್ಗಿಯಲ್ಲಷ್ಟೇ ಬಂದ ಹೊಸ ಬಗೆಯ ಕೀಲಿನಲ್ಲಿ ಹತ್ತು ವರ್ಷ ಕೈ ಪಳಗಿರಬೇಕು ಅಂತ ಬೇರೆ ಹೇಳುತ್ತಾರೆ. ಎಳೆಯರು ಹೂಂ ಅಂತ ತಲೆಯಾಡಿಸಿ, ಹಿಂದೆ ಬಂದು ನನ್ನ ಕುಲುಮೆಯ ಮುಂದೆ ಅಳುತ್ತಾರೆ.

ಬಯಲಿನ ನಟ್ಟನಡುವೆ ಮೊದಲ ಬಾಗಿಲಿದೆ. ಊರಿನ ಮೊಟ್ಟಮೊದಲ ಪ್ರಶ್ನೆ "ಬಾಗಿಲು ಹೇಗಿರಬೇಕು?" ಅನ್ನುವುದು. ಅದಕ್ಕೆ ಇದು ಉತ್ತರ. ತಲೆಯೆತ್ತರದಲ್ಲಿ ಚಿಲಕ. ಹೆಬ್ಬೆರಳಲ್ಲಿ ಅದುಮಿ, ಅದೇ ಉಸಿರಿನಲ್ಲಿ ಎರಡು ಬೆರಳಲ್ಲಿ ಮೇಲೆತ್ತಿ, ತನ್ನ ಕಡೆಗೆ ಎಳೆದುಕೊಳ್ಳಬೇಕು. ಊರಿನ ಪ್ರತಿ ಮನೆಗೂ ಇದೇ ಬಾಗಿಲು, ಇದೇ ಚಿಲಕ. ಈ ಮೊದಲ ಬಾಗಿಲಿಗೆ ಗೆದ್ದಲು ಹಿಡಿದು ಯಾವ ಕಾಲವಾಯಿತೋ. ಮೊದಲು ಸಣ್ಣ ತೂತುಗಳಿದ್ದವು. ಮಾಡುವವರು ಬಂದು ಅಳೆದರು, ತೂತನ್ನೂ ಅಳೆದರು, ಮನೆಗೆ ಹೋಗಿ ಹೊಚ್ಚಹೊಸ ತೇಗದ ಹಲಗೆಯಲ್ಲಿ ಅದೇ ಜಾಗಕ್ಕೆ ಅದೇ ತೂತನ್ನು ಉಳಿಯಿಂದ ಕೊರೆದರು. ಗೆದ್ದಲು ಇನ್ನಷ್ಟು ತಿಂದಿತು, ಇವರು ಇನ್ನಷ್ಟು ಕೊರೆದರು. ನಾನು ಚಿಕ್ಕವಳಿದ್ದಾಗ ಆ ತೂತಿಗೆ ಬೆರಳು ಹೋಗುತ್ತಿತ್ತು, ಈಗ ಬೆಕ್ಕು ಹೋಗುತ್ತದೆ. ಗಾಳಿ ತಡೆಯಲು ಎಲ್ಲರ ಮನೆಯಲ್ಲೂ ಹಳೆ ಬಟ್ಟೆ ತುರುಕಿರುತ್ತಾರೆ. "ತೂತು ಯಾಕೆ?" ಅಂತ ಒಬ್ಬ ಹಿಂದೆಯೇ ಕೇಳಿಬಿಟ್ಟಿದ್ದ. "ಗಾಳಿಗೆ" ಅಂತ ಆಗಲೇ ಉತ್ತರವಾಗಿತ್ತು. ಮುಗಿಯಿತಲ್ಲ.

ನನ್ನ ಕುಲುಮೆಯ ಎದುರು ಮನೆ ಹಿರಿಯಾಕೆಯದು. ಕೂಟದಲ್ಲಿ ಇವತ್ತು ಮೀಸೆ ತಿರುವುವ ಅರ್ಧ ಜನ ಉಳಿ ಹಿಡಿಯಲು ಕಲಿತದ್ದು ಅವಳ ಜಗಲಿಯಲ್ಲಿ. ಮೈಮುರಿದು ಕೆಲಸ ಮಾಡಿದ ಕೈ. ವರ್ಷಾನುಗಟ್ಟಲೆ ಉಳಿ ಹಿಡಿದು ಹಿಡಿದು ಬೆರಳ ಗಂಟುಗಳು ಬಾತುಕೊಂಡವು, ಬೆರಳುಗಳು ಒಳಕ್ಕೆ ಮಡಚಿದವು, ಹೆಬ್ಬೆರಳು ಮರಗಟ್ಟಿತು. ಜತೆಗಿದ್ದವಳು ಅವಳ ತಂಗಿಯ ಮಗಳು, ಕಿರಿಯಾಕೆ. ಬಾಗಿಲ ಕೆಲಸವನ್ನು ದೊಡ್ಡಮ್ಮನ ಕೈಯಿಂದಲೇ ಕಲಿತವಳು. ಮಾತು ಕಡಿಮೆ, ಹಟ ಜಾಸ್ತಿ.

ಒಂದು ದಿನ ಬಾವಿಯಿಂದ ಬರುತ್ತಿದ್ದೆ. ಹಿರಿಯಾಕೆ ತನ್ನ ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಓಡಿ ಹತ್ತಿರ ಹೋದೆ.

"ಏನಕ್ಕಾ, ಮೈ ಸರಿಯಿಲ್ವಾ?"

"ಮೈಗೇನಾಗಿದೆ ಕಣೇ, ಗುಂಡುಕಲ್ಲು. ಬಾಗಿಲ ಹತ್ರ ಮಾತಾಡ್ತಿದ್ದೆ. ನಾನೇ ಮಾಡಿದ್ದು, ನನ್ನ ಮಾತೇ ಕೇಳಲ್ಲ ಅನ್ನುತ್ತೆ ಮುಂಡೇದು."

ಕಿರಿಯಾಕೆ ಮರ ತರಲು ಹೋಗಿದ್ದಳು. ಹಿರಿಯಾಕೆ ಬೆಳಗಿನಿಂದ ಹೊರಗೇ ಇದ್ದಳು. ಒಲೆಯ ಮೇಲಿಟ್ಟ ಗಂಜಿ ಒಳಗೆ ಸೀದು ವಾಸನೆ ಬೀದಿಗೆಲ್ಲ ಹರಡಿತ್ತು. ನಾನು ಕೊಡ ಇಳಿಸಿ, ಚಿಲಕ ಅದುಮಿ, ಎತ್ತಿ, ಎಳೆದೆ. ಬಾಗಿಲು ತೆರೆಯಿತು. ಅವಳು ಒಳಗೆ ಹೋಗಲಿಲ್ಲ.

"ಹೋಗಕ್ಕಾ."

"ನೀನು ತೆಗೆದ ಬಾಗಿಲಲ್ಲಿ ನೆಂಟಳ ಹಾಗೆ ಹೋಗ್ಲಾ? ನನ್ನ ಮನೆಗೆ?" ಅಂದಳು. ಅವಳ ಕಣ್ಣು ತುಂಬಿತ್ತು, ಸಿಟ್ಟಿಗೋ ದುಃಖಕ್ಕೋ. ಎರಡಕ್ಕೂ ಇರಬೇಕು.

ಅಷ್ಟು ಹೊತ್ತಿಗೆ ಹಲಗೆಯ ಯಜಮಾನ ಆ ದಾರಿಯಲ್ಲೇ ಬಂದ. ಕಂಕುಳಲ್ಲಿ ಹಲಗೆ, ಕೈಯಲ್ಲಿ ಕೊಡತಿ, ಅವನ್ನು ಬಿಟ್ಟು ಅವನು ನೀರಿಗೂ ಹೋಗುವವನಲ್ಲ. ತೆರೆದ ಬಾಗಿಲು ನೋಡಿದ, ನನ್ನ ಕೈ ಚಿಲಕದ ಮೇಲಿದ್ದುದನ್ನು ನೋಡಿದ, ಅವಳ ಕೈ ನೋಡಿದ. ಅವನು ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು.

"ಅಮ್ಮಾ, ನಿಮ್ಮ ಮೇಲೆ ನಮಗೆಲ್ಲ ಗೌರವ ಇದೆ" ಅಂದ. "ಆದರೆ ಕಟ್ಟಳೆ ನಿಮಗೂ ಗೊತ್ತು. ತನ್ನ ಮನೆ ಬಾಗಿಲು ತಾನು ತೆಗೀಲಾರದವರು ಆ ಮನೇಲಿ ಇರೋ ಹಾಗಿಲ್ಲ. ಅಮಾವಾಸ್ಯೆ ದಿನ ಬರ್ತೀವಿ."

ಊರ ಗಡಿಯಾಚೆ ಒಂದು ಛತ್ರವಿದೆ. ಕೈ ಸೋತವರನ್ನು ಅಲ್ಲಿ ಬಿಟ್ಟುಬರುತ್ತಾರೆ. ಅವರಿಗೆ ಅನುಕೂಲವಾಗಲಿ ಅಂತ ಅದಕ್ಕೆ ಬಾಗಿಲನ್ನೇ ಇಟ್ಟಿಲ್ಲ. ಕಂಬ, ಸೂರು, ನಾಲ್ಕೂ ದಿಕ್ಕಿನ ಗಾಳಿ. ಆ ಕಡೆಯಿಂದ ಗಾಳಿ ಬೀಸಿದರೆ ಅಲ್ಲಿನವರ ಕೆಮ್ಮು ಊರಿನವರೆಗೂ ಕೇಳುತ್ತದೆ. ಹಲಗೆಯ ಯಜಮಾನ ಹೋದ ಮೇಲೆ ಹಿರಿಯಾಕೆ ಜಗಲಿಯ ಮೇಲೆ ಕುಸಿದು ಕೂತಳು. "ಬಾಗಿಲಿಲ್ಲದ ಕಡೆ ನಾನು ಸಾಯಲ್ಲ ಕಣೇ" ಅಂದಳು. "ಜೀವಮಾನವೆಲ್ಲ ಬಾಗಿಲು ಮಾಡಿದವಳು ನಾನು."

ಕಿರಿಯಾಕೆಗೆ ವಿಷಯ ಗೊತ್ತಾಯಿತು. ಅವಳು ಅಳಲಿಲ್ಲ, ಎದ್ದು ಬಯಲಿಗೆ ನಡೆದಳು. ಸಾಲು ಸಾಲು ಬಾಗಿಲು ದಾಟಿ ಹೋದಳು. ಪ್ರತಿ ಬಾಗಿಲ ಮುಂದೆ ನಿಂತಳು, ಪ್ರತಿ ಚಿಲಕವನ್ನು ದೊಡ್ಡಮ್ಮನ ಹಾಗೆ ಬೆರಳು ಮಡಚಿದ ಮುಷ್ಟಿಯಿಂದ ತೆಗೆಯಲು ನೋಡಿದಳು. ಯಾವುದೂ ತೆರೆಯಲಿಲ್ಲ. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಕೈ ಬಾರದವರಿಗೆ ಅಂತ ಒಂದೇ ಒಂದು ಬಾಗಿಲು ಆ ಬಯಲಲ್ಲಿರಲಿಲ್ಲ. ಅಂದರೆ ಯಾರೂ ಕೇಳಿಲ್ಲ ಅಂತ ಅವಳು ತಿಳಿದಳು. ಅಂದರೆ ಕೇಳಬಹುದು ಅಂತ ತಿಳಿದಳು. ಪಾಪದ್ದು.

ಮಾರನೆಯ ದಿನ ಚೌಕದಲ್ಲಿ ಜನ ಸೇರಿತು. ಹೊಸ ಪ್ರಶ್ನೆ ಬರುತ್ತದಂತೆ ಅಂತ ಹೂ ಮುಡಿದು ಬಂದವರೂ ಇದ್ದರು. ಕಿರಿಯಾಕೆ ಕೇಳುವ ಕಲ್ಲಿನ ಮೇಲೆ ನಿಂತಳು.

"ಕೈ ಬಾರದವರಿಗೆ ಬಾಗಿಲು ಹೇಗಿರಬೇಕು?"

ಹಲಗೆಯ ಯಜಮಾನ ಕಣ್ಣು ಮುಚ್ಚಿ ಯೋಚಿಸಿದ. "ಬಾಗಿಲು ಹೇಗಿರಬೇಕು ಅನ್ನೋದು ಇದರೊಳಗೇ ಇದೆಯಲ್ಲಮ್ಮ."

"ಅದು ಬೇರೆ, ಇದು ಬೇರೆ ಯಜಮಾನರೇ. ಆ ಬಾಗಿಲು ಇವರಿಗೆ ತೆರೆಯಲ್ಲ."

"ಬಾಗಿಲು ಅಂದರೆ ಬಾಗಿಲು. ಮೊದಲ ಬಾಗಿಲು ನೋಡಿಕೋ."

"ನೋಡಿದೀನಿ. ಅದನ್ನ ಗೆದ್ದಲು ತಿಂದಿದೆ."

"ಉತ್ತರಕ್ಕೆ ಗೆದ್ದಲು ಹಿಡಿಯಲ್ಲಮ್ಮ" ಅಂತ ಅವನು ಸಮಾಧಾನದಲ್ಲೇ ಹೇಳಿ, ಕೊಡತಿ ಎತ್ತಿದ. ಹಲಗೆ ಬಡಿಯಿತು. ಊರು "ಆಗಿದೆ" ಎಂದಿತು. ನನ್ನ ಬಾಯಿ ತುಂಬ ಎಲೆಯಡಿಕೆಯಿತ್ತು, ಉಗುಳಲೂ ಆಗದೆ ನುಂಗಲೂ ಆಗದೆ ಹಲ್ಲು ಕಚ್ಚಿ ನಿಂತಿದ್ದೆ. ಕಿರಿಯಾಕೆ ಸೊಂಟದಿಂದ ಉಳಿ ತೆಗೆದಳು. ಬಗ್ಗಿ ಇಡಲಿಲ್ಲ. ನಿಂತಲ್ಲಿಂದಲೇ ಅವನ ಕಾಲ ಬಳಿ ಬಿಟ್ಟಳು. ಟಣ್ ಅಂತ ಕಲ್ಲಿನ ಮೇಲೆ ಬಿತ್ತು. ತಲೆಯನ್ನೂ ತಗ್ಗಿಸಲಿಲ್ಲ. ಅಬ್ಬಾ, ಆ ಹೊತ್ತು ಅವಳನ್ನು ನೋಡಬೇಕಿತ್ತು.

ಮನೆಗೆ ಬಂದ ಮೇಲೆ ಮಾತ್ರ ಜಗಲಿಯ ಮೇಲೆ ಬಿದ್ದು ಅತ್ತಳು. ನಾನು ನೀರು ತಂದುಕೊಟ್ಟೆ. ಹಿರಿಯಾಕೆ ಪಕ್ಕದಲ್ಲಿ ಕೂತು, ಮಡಚಿದ ಬೆರಳುಗಳಿಂದಲೇ ಅವಳ ಬೆನ್ನು ಸವರುತ್ತಿದ್ದಳು.

"ಇನ್ನು ಮಾಡೋ ಹಾಗಿಲ್ಲ ದೊಡ್ಡಮ್ಮ. ಬಯಲಲ್ಲಿ ಇಲ್ಲದ ಬಾಗಿಲನ್ನ ಮಾಡಬಾರದಲ್ಲ."

"ಯಾರು ಹೇಳಿದ್ದು?"

"ಎಲ್ಲರೂ."

"ಎಲ್ಲರೂ ಅಂದರೆ ಯಾರೇ? ಒಬ್ಬರನ್ನ ತೋರಿಸು. ಕೇಳಿದ್ದನ್ನ ಕೇಳಬಾರದು ಅನ್ನೋದು ಕಟ್ಟಳೆ. ಅದಕ್ಕೆ ಹಲಗೆ ಇದೆ, ಕೊಡತಿ ಇದೆ. ಬಯಲಲ್ಲಿ ಇಲ್ಲದ್ದನ್ನ ಮಾಡಬಾರದು ಅನ್ನೋದಕ್ಕೆ ಏನಿದೆ? ಯಾವ ಹಲಗೆ ಬಡಿದರು?"

ಕಿರಿಯಾಕೆ ಎದ್ದು ಕೂತಳು. ನಾನೂ ಯೋಚಿಸಿದೆ. ನಿಜಕ್ಕೂ ಯಾರೂ ಹೇಳಿರಲಿಲ್ಲ. ಯಾರಿಗೂ ಹೇಳುವ ಅಗತ್ಯವೇ ಬಂದಿರಲಿಲ್ಲ. ಅಳೆಯುವುದು, ಕೊರೆಯುವುದು, ಅಳೆಯುವುದು, ಕೊರೆಯುವುದು, ಅದೇ ನಮಗೆ ಅಭ್ಯಾಸವಾಗಿಹೋಗಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಚೊಂಬನ್ನು ಬೀದಿಗೆಸೆದೆ.

"ಉಳಿ ಇಲ್ಲವಲ್ಲ" ಅಂದಳು ಕಿರಿಯಾಕೆ.

"ನನ್ನದು ತಗೋ."

"ಅದನ್ನೂ ಕಿತ್ತುಕೊಂಡರೆ? ನಾನು ಮತ್ತೆ ಕೂಟಕ್ಕೆ ಸೇರೋ ಹಾಗೇ ಇಲ್ಲ, ದೊಡ್ಡಮ್ಮ. ಬದುಕೆಲ್ಲ ಬೇರೆಯವರ ಮರ ಹೊರಬೇಕಾಗುತ್ತೆ."

"ಹೊರಬೇಕಾದರೆ ಹೊರು. ಸುಮ್ಮನಿದ್ದರೂ ಅವರು ಅದನ್ನೇ ಹೊರಿಸೋದು. ನನ್ನ ಕೈ ನೋಡು, ಇದೇ ನಾಳೆ ನಿನ್ನ ಕೈ."

ಕಿರಿಯಾಕೆ ಆ ಕೈ ನೋಡಿದಳು. ಎದ್ದು, ದೊಡ್ಡಮ್ಮನ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಟ್ಟಿಯ ಮೂಲೆಯಲ್ಲಿ ಅಲ್ಲ, ಕತ್ತಲಲ್ಲಿ ಅಲ್ಲ, ನಡುಬೀದಿಯಲ್ಲಿ, ನೆತ್ತಿಯ ಮೇಲೆ ಸೂರ್ಯನಿರುವಾಗ ಕೆಲಸ ಶುರುವಾಯಿತು. ಹಳೆ ಬಾಗಿಲನ್ನು ಕಿತ್ತು ಜಗಲಿಗೆ ಒರಗಿಸಿದರು. ಹೋಗುವವರು ಬರುವವರು ನಿಂತರು. ಒಬ್ಬ ಮೂಗು ಮುರಿದ, ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಚಿಲಕ ಎಲ್ಲೇ?"

"ಇಲ್ಲ" ಅಂದಳು ಕಿರಿಯಾಕೆ.

"ಮತ್ತೆ ತೆಗೆಯೋದು?"

"ಭುಜದಲ್ಲಿ. ಮೊಣಕೈಯಲ್ಲಿ. ಸೊಂಟದಲ್ಲಿ. ಯಾವುದು ಬರುತ್ತೋ ಅದರಲ್ಲಿ."

"ಹಾಗಾದರೆ ಎಮ್ಮೆ ಬಂದರೂ ತೆರೆಯುತ್ತೆ ಅನ್ನು!"

"ಬರಲಿ ಬಿಡ್ರೀ" ಅಂತ ಹಿರಿಯಾಕೆ ಜಗಲಿಯಿಂದಲೇ ಕೂಗಿದಳು. "ನಿಮಗಿಂತ ಮರ್ಯಾದೆಯಾಗಿ ಬರುತ್ತೆ."

ಚಿಲಕ ಇಲ್ಲದ ಬಾಗಿಲು ಅಂದರೆ ನನ್ನ ಅನ್ನಕ್ಕೆ ಕಲ್ಲು. ಊರಿನ ಚಿಲಕವೆಲ್ಲ ನನ್ನ ಕುಲುಮೆಯದು. ಆ ಯೋಚನೆ ಬರಲಿಲ್ಲ ಅಂತ ಹೇಳಲಾರೆ. ಬಂತು. ಬಂದದ್ದನ್ನು ಬೈದು ಕಳಿಸಿದೆ.

ಅವಳು ಮೊದಲು ಮಾಡಿದ್ದು ಕೆಟ್ಟಿತು. ಕಿರಿಯಾಕೆ ಹಲಗೆ ಜೋಡಿಸಿ ಎತ್ತಿ ನಿಲ್ಲಿಸಿದಳು. ಹಿರಿಯಾಕೆ ಹತ್ತಿರ ಬಂದು ನೋಡಿ, "ಇದೇನೇ ಇದು?" ಅಂದಳು. ನೋಡಿದರೆ, ಹೊಸ ಹಲಗೆಯಲ್ಲಿ ಸಾಲಾಗಿ ಗೆದ್ದಲಿನ ತೂತು! ಅಷ್ಟೂ ತೂತುಗಳು, ಅದದೇ ಜಾಗದಲ್ಲಿ, ಅಚ್ಚುಕಟ್ಟಾಗಿ ಕೊರೆದಿದ್ದಳು. ಅವಳಿಗೇ ಗೊತ್ತಾಗಿರಲಿಲ್ಲ. ತಾನು ಕೊರೆದದ್ದನ್ನು ನೋಡುತ್ತಾ ನಿಂತಳು.

"ಕೈ ತಾನಾಗೇ ಹೋಯ್ತು ದೊಡ್ಡಮ್ಮ."

"ಹೋಗುತ್ತೆ. ನಾನೇ ಕಲಿಸಿದ್ದಲ್ವಾ" ಅಂದಳು ಹಿರಿಯಾಕೆ. "ಬಿಚ್ಚು. ಈ ಸಲ ಕೈ ನೋಡಿಕೊಂಡು ಮಾಡು."

ಎರಡನೆಯದಕ್ಕೆ ತೂತಿರಲಿಲ್ಲ. ಹೊಟ್ಟೆಯೆತ್ತರದಲ್ಲಿ ಅಡ್ಡಕ್ಕೆ ಒಂದು ಅಗಲವಾದ ಪಟ್ಟಿ, ಹೊರಗಿನಿಂದ ಒತ್ತಿದರೆ ಬಾಗಿಲು ಒಳಕ್ಕೆ, ಒಳಗಿನಿಂದ ಒತ್ತಿದರೆ ಹೊರಕ್ಕೆ ಹೋಗುತ್ತದೆ. ಹಿರಿಯಾಕೆ ಭುಜ ಕೊಟ್ಟಳು, ತೆರೆಯಿತು. ನಾವು ಮೂವರೂ ಕೇಕೆ ಹಾಕಿದೆವು. ಆದರೆ ತೆರೆದದ್ದು ಮುಚ್ಚಿಕೊಳ್ಳಲಿಲ್ಲ. ಗಾಳಿ ಬಂದರೆ ಅತ್ತ, ನಾಯಿ ಬಂದರೆ ಇತ್ತ. ಅವಳಿಗೆ ಎಳೆದು ಮುಚ್ಚಲು ಬೆರಳಿಲ್ಲ. ಮುಚ್ಚದ ಬಾಗಿಲಿದ್ದರೆ ಛತ್ರಕ್ಕೂ ಮನೆಗೂ ಏನು ವ್ಯತ್ಯಾಸ ಬಂತು? ಬೀದಿಯಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಅಮಾವಾಸ್ಯೆಗೆ ಹೆಚ್ಚು ದಿನ ಉಳಿದಿರಲಿಲ್ಲ.

ಆ ನಗು ನನ್ನ ತಲೆಗೇರಿತು. ಕುಲುಮೆಗೆ ಬಂದು ನನ್ನ ಕೀಲನ್ನೇ ಕೈಯಲ್ಲಿ ಹಿಡಿದು ನೋಡುತ್ತಾ ಕೂತೆ. ಕೀಲಿನ ಎರಡು ಭಾಗ ಕೂಡುವ ಕಡೆ ನೇರಕ್ಕೆ, ಸಮವಾಗಿ ಕತ್ತರಿಸುವುದು ನಮ್ಮ ರೂಢಿ. ನಮ್ಮಮ್ಮ ಹಾಗೆ ಮಾಡುತ್ತಿದ್ದಳು, ಅವಳಮ್ಮ ಹಾಗೆ ಮಾಡುತ್ತಿದ್ದಳು. ಓರೆಯಾಗಿ ಕತ್ತರಿಸಿದರೆ? ಆಗ ಬಾಗಿಲು ತೆರೆಯುವಾಗ ಒಂದಿಷ್ಟು ಮೇಲೇಳುತ್ತದೆ. ಮೇಲೆದ್ದದ್ದು ಕೈ ಬಿಟ್ಟರೆ ತನ್ನ ಭಾರಕ್ಕೆ ತಾನೇ ಜಾರಿ ಇಳಿದು ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದೆ ಎಲ್ಲಿಗೆ ಹೋಗುತ್ತದೆ! ಕಬ್ಬಿಣ ಕಾಯಿಸಿದೆ, ಬಡಿದೆ, ಕೆಡಿಸಿದೆ, ಮತ್ತೆ ಬಡಿದೆ. ನನ್ನ ಕೈಗೆ ಬೊಬ್ಬೆ ಬಂದವು. ಕೊನೆಗೆ ಕಿರಿಯಾಕೆ ಬಾಗಿಲಿಗೆ ಆ ಕೀಲು ಕೂರಿಸಿ, ತಳ್ಳಿ, ಕೈ ಬಿಟ್ಟಳು. ಬಾಗಿಲು ನಿಧಾನಕ್ಕೆ ಬಂದು, ಹೊಸ್ತಿಲು ಮುಟ್ಟಿ, ತೆಪ್ಪಗೆ ನಿಂತಿತು. ಬೀದಿಯಲ್ಲಿ ನಗುವ ಸದ್ದು ನಿಂತುಹೋಯಿತು. ಸೊಂಟದ ಎರಡೂ ಬದಿಗೆ ಕೊಡ ಇಟ್ಟುಕೊಂಡು ಬಾವಿಯಿಂದ ಬರುತ್ತಿದ್ದ ಬಸುರಿಯೊಬ್ಬಳು ಅಲ್ಲೇ ನಿಂತು ಅದನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಮನೆಯ ಚಿಲಕದ ಕಡೆ ತಿರುಗಿ ನೋಡಿದಳು.

ಅಮಾವಾಸ್ಯೆ ಬಂತು. ಹಲಗೆಯ ಯಜಮಾನ ಬಂದ. ಅವನ ಹಿಂದೆ ತಮಟೆಯವರು, ಅವರ ಹಿಂದೆ ಕೂಟದ ಹಿರಿಯರು, ಅವರ ಹಿಂದೆ ಊರು. ಕೈ ಸೋತವರನ್ನು ಕಳಿಸುವುದಕ್ಕೆ ಒಂದು ಕ್ರಮವಿದೆ. ತಮಟೆ ನಿಲ್ಲುತ್ತದೆ. ಯಜಮಾನ "ನಿನ್ನ ಕೈಯಲ್ಲಿ ಆಗುತ್ತದೆಯೇ?" ಎಂದು ಹೇಳುತ್ತಾನೆ. ಅದು ಪ್ರಶ್ನೆಯಲ್ಲ, ಕಳಿಸುವಾಗ ಹೇಳುವ ಮಾತು. ಹೋಗುವವರು "ಆಗದು" ಅನ್ನಬೇಕು. ಊರು "ಆಗಿದೆ" ಅನ್ನುತ್ತದೆ. ಆಮೇಲೆ ಯಜಮಾನ ಒಳಗೆ ಹೋಗಿ, ಅವರ ಒಲೆಯ ಬೂದಿ ತೆಗೆದು ಬೀದಿಗೆ ಚೆಲ್ಲುತ್ತಾನೆ.

ಹಿರಿಯಾಕೆ ಒಗೆದ ಸೀರೆ ಉಟ್ಟು ಬಾಗಿಲ ಮುಂದೆ ನಿಂತಿದ್ದಳು. ತಮಟೆ ನಿಂತಿತು.

"ನಿನ್ನ ಕೈಯಲ್ಲಿ ಆಗುತ್ತದೆಯೇ?"

"ಕೈಯ ಮಾತು ಯಾಕೆ ಬಿಡಪ್ಪ" ಅಂದಳು ಹಿರಿಯಾಕೆ. "ನನ್ನಿಂದ ಆಗುತ್ತೆ."

ಯಜಮಾನ ತಮಟೆಯವರ ಕಡೆ ನೋಡಿದ. ಈ ಮಾತಿಗೆ ಮುಂದೆ ಏನು ಅಂತ ಕ್ರಮದಲ್ಲಿರಲಿಲ್ಲ. ಕೂಟದವನೊಬ್ಬ ಮುಂದೆ ಬಂದು, "ಇದು ಬಯಲಲ್ಲಿಲ್ಲದ ಬಾಗಿಲು. ಇದರ ಪ್ರಶ್ನೆ ಎಲ್ಲಿ? ಪ್ರಶ್ನೆ ಇಲ್ಲದೆ ಉತ್ತರ ನಿಲ್ಲೋ ಹಾಗಿಲ್ಲ!" ಅಂತ ಅರಚಿದ.

"ಪ್ರಶ್ನೆ ಕೇಳಿದ್ದೆ" ಅಂದಳು ಕಿರಿಯಾಕೆ. ದೊಡ್ಡಮ್ಮನ ಉಳಿ ಎಲ್ಲರಿಗೂ ಕಾಣುವ ಹಾಗೆ ಅವಳ ಸೊಂಟದಲ್ಲಿತ್ತು. "ಚೌಕದಲ್ಲಿ, ನಿಮ್ಮೆಲ್ಲರ ಮುಂದೆ. ನೀವು ಹಲಗೆ ಬಡಿದಿರಿ. ನಾನು ಮನೆಗೆ ಬಂದು ಉತ್ತರ ಮಾಡಿದೆ. ಕೂಟಕ್ಕೆ ಸೇರಿಸಿಕೊಳ್ಳಲ್ಲ ಅಂದರೆ ಬೇಡ. ನಾಳೆಯಿಂದ ಯಾರಿಗೆ ಈ ಬಾಗಿಲು ಬೇಕೋ ಅವರಿಗೆ ಮಾಡಿಕೊಡ್ತೀನಿ, ಇಲ್ಲೇ, ಈ ಬೀದಿಯಲ್ಲೇ. ಕೀಲು ಕುಲುಮೆಯವರು ಕೊಡ್ತಾರೆ."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. "ಹೌದು, ಕೊಡ್ತೀನಿ" ಅಂದೆ. "ಯಾರು ಬೇಡ ಅಂತೀರೋ ಬನ್ನಿ, ನಿಮ್ಮ ಚಿಲಕ ಮುರಿದಾಗ ನನ್ನ ಕುಲುಮೆ ಕಡೆ ತಲೆ ಹಾಕಿ ನೋಡೋಣ."

ಹಿರಿಯಾಕೆ ನಮ್ಮ ಜಗಳಕ್ಕೆ ಕಾಯಲಿಲ್ಲ. ಬಾಗಿಲಿಗೆ ಭುಜ ಕೊಟ್ಟಳು. ಬಾಗಿಲು ಮೇಲೆದ್ದು ತೆರೆಯಿತು. ಹೊಸ್ತಿಲು ದಾಟಿದಳು. ಬಾಗಿಲು ಇಳಿದು ಬಂದು ಅವಳ ಬೆನ್ನ ಹಿಂದೆ ಮುಚ್ಚಿಕೊಂಡಿತು. ಒಳಗಿನಿಂದ ಒಲೆಗೆ ಸೌದೆ ತಳ್ಳುವ ಸದ್ದು ಬಂತು. ತನ್ನ ಮನೆಗೆ ತಾನು ಹೋದವಳನ್ನು ಹೊರಗೆ ಎಳೆಯುವ ಕಟ್ಟಳೆ ನಮ್ಮೂರಲ್ಲಿಲ್ಲ. ನನಗೆ ನಗು ಅಳು ಎರಡೂ ಒಟ್ಟಿಗೆ ಬಂದವು, ಎರಡನ್ನೂ ತಡೆಯಲಿಲ್ಲ.

"ಯಾರೋ ಒಳಗಿದ್ದು ಎಳೆದಿದಾರೆ" ಅಂದ ಕೂಟದವನು. "ಮೋಸ."

"ನೋಡ್ತೀನಿ ಇರಿ" ಅಂದ ಹಲಗೆಯ ಯಜಮಾನ. ಬಾಗಿಲ ಹತ್ತಿರ ಹೋದ. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಕೊಡತಿ. ಅವನ್ನು ಜಗಲಿಯ ಮೇಲೆ ಇಟ್ಟ. ಅವನ ಕೈ ತಾನಾಗಿಯೇ ತಲೆಯೆತ್ತರಕ್ಕೆ ಹೋಯಿತು. ಹೆಬ್ಬೆರಳು ಬರೀ ಹಲಗೆಯನ್ನು ಅದುಮಿತು, ಎರಡು ಬೆರಳು ಇಲ್ಲದ ಚಿಲಕವನ್ನು ಎತ್ತಿದವು. ಇನ್ನೊಂದು ಸಲ ಅದುಮಿದ, ಇನ್ನೊಂದು ಸಲ ಎತ್ತಿದ. ಅವನ ಕತ್ತಿನ ಹಿಂದೆ ಬೆವರು ಕಾಣುತ್ತಿತ್ತು. ಹುಟ್ಟಿದಾಗಿನಿಂದ ಒಂದೇ ಬಗೆಯ ಬಾಗಿಲು ತೆಗೆದವನು, ಹುಟ್ಟಿದಾಗಿನಿಂದ ಒಂದು ಪ್ರಶ್ನೆಯನ್ನೂ ಕೇಳದವನು.

ಅವನು ಬಾಗಿಲಿಗೆ ಬಾಯಿ ಹತ್ತಿರ ತಂದ.

"ಅಮ್ಮಾ, ಇದನ್ನ ತೆಗೆಯೋದು ಹೇಗೆ?"

"ತಳ್ಳಪ್ಪಾ" ಅಂದಳು ಒಳಗಿನಿಂದ.

ಅವನು ತಳ್ಳಿದ. ಕೀಲಿನ ಕಡೆ ಕೈಯಿಟ್ಟು ತಳ್ಳಿದ. ಬಾಗಿಲು ಮಿಸುಕಲಿಲ್ಲ. ಎರಡೂ ಕೈ ಕೊಟ್ಟು ತಳ್ಳಿದ. ಊಹೂಂ. ಅವನು ಕೈ ಇಳಿಸಿದ. ಕೇಳಿಯಾಗಿತ್ತು, ಉತ್ತರ ಬಂದಾಗಿತ್ತು. ಇನ್ನು ಅದನ್ನೇ ಮತ್ತೆ ಕೇಳುವ ಹಾಗಿಲ್ಲ, ಅವನು ಮನೆಗೆ ಹೋಗಬೇಕು, ಅದು ಅವನದೇ ಕಟ್ಟಳೆ. "ಆಗಿದೆ" ಅನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಊರಿಗೇ ಕೇಳುವ ಹಾಗೆ ಕೂಗಿಬಿಡಬೇಕು, ಹೊಟ್ಟೆ ತಣ್ಣಗಾಗುವ ಹಾಗೆ ಕೂಗಬೇಕು ಅಂತ ಬಾಯಿ ತೆರೆದೆ. ಕಿರಿಯಾಕೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಯಜಮಾನ ಹಿಂದಿರುಗಿ ನಮ್ಮನ್ನು ನೋಡಲಿಲ್ಲ. ಹಣೆಯನ್ನು ಬಾಗಿಲಿಗೆ ಆನಿಸಿದ.

"ಅಮ್ಮಾ" ಅಂದ, ಎಲ್ಲರಿಗೂ ಕೇಳುವ ಹಾಗೆ. "ಇದನ್ನ ತೆಗೆಯೋದು ಹೇಗೆ?"

ಒಳಗೆ ಒಲೆಯ ಮುಂದಿನಿಂದ ಎದ್ದು ಬರುವ ಹೆಜ್ಜೆಯ ಸದ್ದಾಯಿತು.

"ಕೀಲಿನ ಕಡೆ ಅಲ್ಲಪ್ಪ, ಈ ಕಡೆ. ಭುಜ ಕೊಟ್ಟು ತಳ್ಳು" ಅಂದಳು ಹಿರಿಯಾಕೆ. "ಗೊತ್ತಾಗಲಿಲ್ಲ ಅಂದರೆ ಇನ್ನೊಂದು ಸಲ ಕೇಳು."